ನಮ್ಮ ಮನೆಯ ಇಂಗ್ಲೆಂಡಿಗೆ ಅಮೆರಿಕದವರು ಬಂದದ್ದು

ಹೋದ ತಿಂಗಳು ನಮ್ಮ ಮಾವನವರಿಗೆ ಜ್ವರ ಬಂತು. ಥರ್ಮಾಮೀಟರಿಗೆ ಮಾತ್ರ ಬರಲಿಲ್ಲ.

ಬೆಳಿಗ್ಗೆ ಎದ್ದವರೇ ಕಂಬಳಿ ಹೊದ್ದು ಜಗಲಿಯ ಮೂಲೆ ಹಿಡಿದರು. ದೋಸೆ ಬೇಡ, ಗಂಜಿ ಸಾಕು ಎಂದರು. ಅತ್ತೆ ಹಣೆ ಮುಟ್ಟಿ ನೋಡಿದರು.

"ಬಾವಿಕಟ್ಟೆ ಹಾಂಗೆ ತಣ್ಣಗೆ ಅದೆ. ಎಂತ ಜ್ವರ ಇದು?"

"ಒಳಜ್ವರ," ಎಂದರು ಮಾವ, ಕಣ್ಣು ಮುಚ್ಚಿ.

ಆ ಒಳಜ್ವರ ಹಿಂದಿನ ದಿನ ಸಂಜೆ ಕೋಟು ಹಾಕಿಕೊಂಡು, ಚಪ್ಪಲಿ ಹೊರಗೆ ಬಿಟ್ಟು, ನಮ್ಮ ಮನೆಗೆ ಬಂದು ಚಾ ಕುಡಿದು ಹೋಗಿತ್ತು. ಹೈಸ್ಕೂಲಿನ ಈಗಿನ ಹೆಡ್‌ಮಾಸ್ತರರು! ಶಾಲೆಯ ವಾರ್ಷಿಕೋತ್ಸವ, ಅಂದರೆ ನಮ್ಮ ಕಡೆಯ ಬಾಯಿಮಾತಿನ ಗ್ಯಾದರಿಂಗು, ಗುರುವಾರ. ಮುಖ್ಯ ಅತಿಥಿ ನಮ್ಮ ಮನೆಯ ಬಿಡಾರದಲ್ಲಿರುವ ಅಮೆರಿಕದ ಸಾಹೇಬ. "ಅವರು ಇಂಗ್ಲಿಷಿನಲ್ಲಿ ಮಾತಾಡುತ್ತಾರೆ, ತಾವು ಪಕ್ಕದಲ್ಲಿ ನಿಂತು ಕನ್ನಡದಲ್ಲಿ ಹೇಳಬೇಕು ಮಾಸ್ತರೆ. ಈ ತಾಲೂಕಿನಲ್ಲಿ ಇಂಗ್ಲಿಷು ಅಂದರೆ ತಾವೇ ಅಲ್ಲವೇ?" ಎಂದು ಹೇಳಿ ಹೋಗಿದ್ದರು.

ಇದರಲ್ಲಿ ಜ್ವರ ಬರುವಂಥದ್ದೇನಿದೆ? ಮಾವ ಇಡೀ ಆಯುಷ್ಯ ಇಂಗ್ಲಿಷು ಕಲಿಸಿ ರಿಟಾಯರ್ ಆದವರು. ಅವರ ಹತ್ತಿರ ಗ್ರಾಮರ್ ಕಲಿತು, ಬೆತ್ತದ ರುಚಿ ನೋಡಿ, ಮ್ಯಾಟ್ರಿಕ್ ಪಾಸಾದವರು ಮುಂಬಯಿಯ ಆಫೀಸುಗಳಲ್ಲಿ ಕುಳಿತಿದ್ದಾರೆ. ಊರಿಗೆ ಬಂದಾಗ ಕಾಲಿಗೆ ಬೀಳುತ್ತಾರೆ.

ವಿಷಯ ಇಷ್ಟೆ. ಆ ಅಮೆರಿಕದವ ಒಂದೇ ಮಾಡಿನ ಕೆಳಗೆ ಬಂದಿದ್ದು ಹೋದ ಬೇಸಿಗೆಯಲ್ಲಿ. ಅಲ್ಲಿಂದ ಈ ಜನವರಿಯವರೆಗೆ ಅವನ ಇಂಗ್ಲಿಷಿನ ಒಂದು ಪೂರ್ತಿ ವಾಕ್ಯವೂ ಮಾವನಿಗೆ ಅರ್ಥವಾಗಿರಲಿಲ್ಲ.

ಇದು ಗೊತ್ತಿದ್ದದ್ದು ನನಗೆ ಮತ್ತು ಅತ್ತೆಗೆ. (ಈಗ ನಿಮಗೂ. ಮಾವ ನನ್ನ ಅಂಕಣ ಓದುವುದಿಲ್ಲ. ಅದು ಕನ್ನಡದಲ್ಲಿದೆಯಲ್ಲ!)

ಇಂಗ್ಲಿಷರು ನಲವತ್ತೇಳರಲ್ಲಿ ದೇಶ ಬಿಟ್ಟು ಹೋದರು ಎಂದು ನಾನೇ ಮಕ್ಕಳಿಗೆ ಪಾಠ ಹೇಳುತ್ತೇನೆ. (ನಾನು ಪ್ರಾಥಮಿಕ ಶಾಲೆಯ ಅಕ್ಕೋರು ಎಂಬುದು ನಿಮಗೆ ಗೊತ್ತೇ ಇದೆ.) ಪಾಠ ಹೇಳಿ ಮನೆಗೆ ಬಂದರೆ ಇಂಗ್ಲೆಂಡು ಜಗಲಿಯ ಮೇಲೆ ಕುಳಿತಿರುತ್ತದೆ. ಹೊನ್ನಾವರದ ನಮ್ಮ ಮನೆಯಿಂದ ಅವರು ಹೋಗಿರಲೇ ಇಲ್ಲ.

ನಾಲ್ಕು ಗಂಟೆಗೆ ಚಾ. ಲೋಟದಲ್ಲಿ ಅಲ್ಲ, ಕಪ್ಪು-ಬಸಿಯಲ್ಲಿ. ಮುಂಬಯಿಯ ಇಂಗ್ಲಿಷು ಪೇಪರು ಬಸ್ಸಿನಲ್ಲಿ ಹಳತಾಗಿ ಬರುತ್ತದೆ, ಆದರೂ ಅದನ್ನು ಇಂದಿನದೇ ಎಂಬಂತೆ ಓದಬೇಕು. ಹಾಲಿನವನಿಗೆ ಗುಡ್ ಮಾರ್ನಿಂಗ್. ಬಿರುಬಿಸಿಲಿನಲ್ಲೂ ಕರಿಕೋಟು. ಇಷ್ಟಕ್ಕೂ ಮಾವ ಇಂಗ್ಲೆಂಡು ನೋಡಿದವರಲ್ಲ. ಅವರು ಮಾತಾಡಿದ ಇಂಗ್ಲಿಷರವನೂ ಒಬ್ಬನೇ. ಯಾವುದೋ ಕಾಲದಲ್ಲಿ ಕಲೆಕ್ಟರ್ ಸಾಹೇಬನೊಬ್ಬ ಕ್ಲಾಸಿಗೆ ಬಂದು, ಬಾಗಿಲಲ್ಲೇ ನಿಂತು, "ವೆರಿ ಗುಡ್, ಕ್ಯಾರಿ ಆನ್" ಎಂದು ಹೋಗಿದ್ದನಂತೆ. ಮಾವ ಅಂದಿನಿಂದ ಕ್ಯಾರಿ ಆನ್ ಮಾಡುತ್ತಲೇ ಇದ್ದಾರೆ.

ಹಾಗಿರುವಾಗ ಬ್ಲಾಕ್ ಆಫೀಸಿನಿಂದ ಸುದ್ದಿ ಬಂತು. ಅಮೆರಿಕದ ಸರಕಾರ ಗಂಡ-ಹೆಂಡತಿ ಇಬ್ಬರನ್ನು ಕಳಿಸುತ್ತಿದೆ, ನಮ್ಮ ಕಡೆಯವರಿಗೆ ಕೋಳಿ ಸಾಕುವುದು ಕಲಿಸಲು. (ನಮ್ಮ ಕಡೆಯ ಕೋಳಿಗಳು ಇಷ್ಟು ದಿನ ತಾವಾಗಿಯೇ ಸಾಕಿಕೊಂಡಿದ್ದವು.) ಅವರಿಗೆ ಬಿಡಾರ ಬೇಕು. ಊರಲ್ಲಿ ಯಾರೂ ಕೊಡಲಿಲ್ಲ. ಅವರು ಏನು ತಿನ್ನುತ್ತಾರೋ, ಎಲ್ಲಿ ತೊಳೆಯುತ್ತಾರೋ! ಮಾವ ಒಂದೇ ಮಾತಿಗೆ ಮನೆಯ ತೆಂಕು ಭಾಗ ಬಿಟ್ಟುಕೊಟ್ಟರು.

"ಕೋಳಿ ಸಾಕುವವರು ಮಾರಾಯ್ರೆ!" ಎಂದರು ಅತ್ತೆ. ನಮ್ಮದು ಮೀನು ತಿನ್ನುವ ಮನೆ, ಆದರೆ ಕೋಳಿ ಅಂಗಳ ದಾಟುವಂತಿಲ್ಲ.

"ಕೋಳಿ ಬ್ಲಾಕ್ ಆಫೀಸಿನ ಹಿಂದೆ ಇರ್ತದೆ. ಇಂಗ್ಲಿಷು ನಮ್ಮನೇಲಿ ಇರ್ತದೆ," ಎಂದರು ಮಾವ. "ಮಾತಾಡದೆ ನನ್ನ ನಾಲಿಗೆ ತುಕ್ಕು ಹಿಡ್ದಿದೆ."

ಅವರು ಬಂದದ್ದು ಭಟ್ಕಳದ ಕಡೆಯಿಂದ. ನದಿಯ ಆಚೆ ದಡದ ಕಾಸರಕೋಡಿನವರೆಗೆ ಬಸ್ಸು, ಅಲ್ಲಿಂದ ಶರಾವತಿ ದಾಟಲು ಲಾಂಚು. ಮಾವ ಕೋಟು, ಟೊಪ್ಪಿ, ಕೊಡೆ ಸಮೇತ ದಕ್ಕೆಯಲ್ಲಿ ನಿಂತಿದ್ದರು. ಹಿಂದೆ ನಾನು, ಅತ್ತೆ. ಸ್ವಾಗತದ ವಾಕ್ಯವನ್ನು ಎರಡು ದಿನದಿಂದ ಉರು ಹೊಡೆಯುತ್ತಿದ್ದರು. "ತಮ್ಮ ಪ್ರಯಾಣವು ಅಷ್ಟೇನೂ ಆಯಾಸಕರವಾಗಿರಲಿಲ್ಲವೆಂದು ನಾನು ನಂಬಬಹುದೇ?" ಇದು ಕನ್ನಡದಲ್ಲಿ. ಇಂಗ್ಲಿಷಿನಲ್ಲಿ ಇನ್ನೂ ಉದ್ದ ಇತ್ತು.

ಲಾಂಚು ನಿಲ್ಲುವ ಮೊದಲೇ ಒಬ್ಬ ಉದ್ದನೆಯ ಕೆಂಪು ಮನುಷ್ಯ ನೀರಿಗೆ ಹಾರಿದ. ಅರ್ಧ ಚಡ್ಡಿ. ಮೊಣಕಾಲವರೆಗೆ ಕೆಸರು. ಮಾವ ಬಾಯಿ ತೆಗೆಯುವುದರೊಳಗೆ ಅವರ ಕೈ ಹಿಡಿದು ಕುಲುಕಿ ಕೂಗಿದ: "ಹಾವ್ಯಾ ಡೂಯಿನ್!"

"ಹಾವಾ?" ಅತ್ತೆ ಸೀರೆ ಎತ್ತಿಕೊಂಡು ಹಿಂದೆ ಜಿಗಿದರು. "ಎಲ್ಲದೆ ಹಾವು?"

ಮಾವನೂ ಹಿಂದೆ ಸರಿದರು. (ಅತಿಥಿಗೆ ದಾರಿ ಬಿಟ್ಟದ್ದು ಎಂದು ಆಮೇಲೆ ಹೇಳಿದರು.)

ಅವನ ಹೆಸರು ವೇಯ್ನ್. ಊರವರು ಸಂಜೆಯೊಳಗೆ ಅವನನ್ನು ವೇಣು ಮಾಡಿದರು. ಅವನ ಹೆಂಡತಿ ಮಾರ್ಜಿ. ಅವಳನ್ನು ಮಂಜಿ ಮಾಡಿದ್ದು ಮೀನು ಮಾರುವ ದುರ್ಗಿ. ಆ ಹೆಂಗಸಿನ ವಿಷಯ ಮುಂದೆ ಬರುತ್ತದೆ.

ಅಮೆರಿಕದವರಿಗೆ ಹೊನ್ನಾವರಕ್ಕೆ ಹೊಂದಿಕೊಳ್ಳುವುದು ಕಷ್ಟವಾಗಲಿಲ್ಲ. ಸೆಕೆ, ಸೊಳ್ಳೆ, ಬಾವಿ ನೀರು, ಕಿಟಕಿಯಲ್ಲಿ ಇಣುಕುವ ಊರ ಮಂದಿ, ಎಲ್ಲದಕ್ಕೂ ಹದಿನೈದು ದಿನ ಸಾಕಾಯಿತು. ವೇಣು ಪಂಚೆ ಉಡಲು ಕಲಿತ. ಮೊಟ್ಟೆ ಮಾರಾಟದ ಮಾತುಕತೆಗೆ ಭಟ್ಕಳಕ್ಕೆ ಹೋದವ ಮೂರು ಮನೆಯಲ್ಲಿ ಊಟ ಮಾಡಿ, ನಾಲ್ಕನೆಯ ಮನೆಯವರು ಬೇಜಾರು ಮಾಡಿಕೊಂಡರು ಎಂದು ಬೇಸರಪಟ್ಟುಕೊಂಡು ವಾಪಸು ಬಂದ. ಅವರಿಗೆ ಹೊಂದಿಕೊಳ್ಳಲು ಆಗದೇ ಹೋದದ್ದು ನಮ್ಮ ಮನೆಯ ಇಂಗ್ಲೆಂಡಿಗೆ.

ಮೊದಲ ಜಗಳ ಚಾದ್ದು. ಮಾರ್ಜಿ ಚಾ ಮಾಡಿ, ತಣಿಸಿ, ಮಣ್ಣಿನ ಹೂಜಿಗೆ ಹೊಯ್ದು, ಲಿಂಬು ಹಿಂಡಿ ಇಟ್ಟಿದ್ದಳು. ಅವರ ಕಡೆ ಸೆಕೆಗೆ ಹಾಗೇ ಕುಡಿಯುವುದಂತೆ. ಮಾವ ನೀರೆಂದು ಬಗ್ಗಿಸಿ ಕುಡಿದರು. ಆಮೇಲೆ ತಲೆಗೆ ಕೈಹೊತ್ತು ಕುಳಿತರು, ಯಾರೋ ತೀರಿಕೊಂಡಂತೆ.

ಎರಡನೆಯದು ಬೋರ್ಡಿನ ಜಗಳ. ಕೋಳಿ ಕೇಂದ್ರದ ಎದುರು ವೇಣು ಇಂಗ್ಲಿಷಿನಲ್ಲಿ 'ಪೌಲ್ಟ್ರಿ ಸೆಂಟರ್' ಎಂದು ಬರೆದು ಹಾಕಿದ. ಸೆಂಟರ್ ಶಬ್ದದ ಕೊನೆಯ ಎರಡಕ್ಷರ ಹಿಂದುಮುಂದಾಗಿವೆ, ಇಂಗ್ಲೆಂಡಿನಲ್ಲಿ 'ಆರ್' ಆದ ಮೇಲೆ 'ಇ' ಎಂದು ಮಾವ ಸೀಮೆಸುಣ್ಣದಲ್ಲಿ ತಿದ್ದಿ ಬಂದರು. ಮರುದಿನ ವೇಣು ಒರೆಸಿ ತನ್ನಂತೆ ಬರೆದ. ಅದರ ಮರುದಿನ ಮಾವ ಮತ್ತೆ. ಬಸ್‌ಸ್ಟ್ಯಾಂಡಿನಲ್ಲಿ ಇದೇ ಚರ್ಚೆ. ಇಂಗ್ಲಿಷಿನ ಒಂದಕ್ಷರ ಬಾರದವರೂ ಎರಡು ಪಕ್ಷ ಆದರು! ಕಡೆಗೆ ಮಾರ್ಜಿ ಒಂದು ದಿನ ಬೋರ್ಡು ಪೂರ್ತಿ ಬಳಿದು, ದಪ್ಪ ದಪ್ಪ ಕನ್ನಡ ಅಕ್ಷರದಲ್ಲಿ 'ಕೋಳಿ ಮನೆ' ಎಂದು ಬರೆದಳು. ಮಾವನಿಗೆ ತಿದ್ದಲು ಏನೂ ಸಿಗಲಿಲ್ಲ. ಅದೂ ಅವರಿಗೆ ಬೇಜಾರೇ.

ಉಳಿದದ್ದು ದಿನದಿನದ್ದು. ವೇಣು 'ಓಕೆ' ಎಂದರೆ, ಆ ಶಬ್ದ ತಮ್ಮ ಡಿಕ್ಷನರಿಯಲ್ಲಿ ಇಲ್ಲ ಎನ್ನುವರು ಮಾವ. (ಡಿಕ್ಷನರಿ ಅವರ ಅಪ್ಪನ ಕಾಲದ್ದು.) ವೇಣು ಒಳ್ಳೆಯವ. ಓಕೆ ಬಿಟ್ಟು 'ಆತು' ಎನ್ನತೊಡಗಿದ. ಅರ್ಥ ಒಂದೇ, ತಂಟೆ ಇಲ್ಲ.

ಆದರೆ ಮಾರ್ಜಿ? ವೇಣು ಬೆಳಿಗ್ಗೆ ಸೈಕಲ್ ಹತ್ತಿ ಹಳದೀಪುರವೋ ಮಾವಳ್ಳಿಯೋ ಎಂದು ಹೋಗಿಬಿಡುತ್ತಿದ್ದ. ಮನೆಯಲ್ಲಿ ಉಳಿಯುವವಳು ಅವಳು. ಅವಳು ಬಾಯಿ ತೆಗೆದಾಗಲೆಲ್ಲ ಮಾವ ಬೆರಳೆತ್ತುವರು. ಉಚ್ಚಾರ ತಪ್ಪು. ಪ್ರಶ್ನೆ ಕೇಳುವ ರೀತಿ ತಪ್ಪು. ಟೊಮೆಟೊ ಎಂಬ ಶಬ್ದದ ಮೇಲೆ ಅರ್ಧ ಗಂಟೆ ಪಾಠ! ಮಾವ ಸಿಟ್ಟಿನಿಂದ ಹೇಳುವವರಲ್ಲ. ಅವಳ ಉದ್ಧಾರಕ್ಕೇ ಹೇಳುವುದು. ಅದು ಸಿಟ್ಟಿಗಿಂತ ಕೆಟ್ಟದ್ದು ಎಂಬುದು ಸೊಸೆಯಂದಿರಿಗೆ ಗೊತ್ತಿರುತ್ತದೆ.

ಒಂದು ಮಧ್ಯಾಹ್ನ ಹಿತ್ತಲ ಮೆಟ್ಟಿಲ ಮೇಲೆ ಕುಳಿತು ಅಳುತ್ತಿದ್ದಳು. ಹಿಂದೆ ಕೋಣೆಯಲ್ಲಿ ಟ್ರಂಕು ಬಾಯಿ ತೆರೆದು ಬಿದ್ದಿತ್ತು, ಅರ್ಧ ಬಟ್ಟೆ ಒಳಗೆ. ನನ್ನ ಹತ್ತಿರ ಯಾವಾಗಲೂ ನಿಧಾನವಾಗಿ, ಬಿಡಿಸಿ ಬಿಡಿಸಿ ಮಾತಾಡುತ್ತಿದ್ದಳು. ನನ್ನ ಮ್ಯಾಟ್ರಿಕ್ ಇಂಗ್ಲಿಷಿಗೂ ತಿಳಿಯುತ್ತಿತ್ತು.

"ನಾನು ಊರಲ್ಲಿ ಟೀಚರ್ ಆಗಿದ್ದೆ, ನಿನ್ನ ಹಾಗೆ," ಎಂದಳು. "ಹುಟ್ಟಿದಂದಿನಿಂದ ಇಂಗ್ಲಿಷು ಮಾತಾಡುತ್ತಿದ್ದೇನೆ. ಅದು ತಪ್ಪು ಇಂಗ್ಲಿಷು ಅಂತ ಗೊತ್ತಾಗಲು ಹೊನ್ನಾವರಕ್ಕೆ ಬರಬೇಕಾಯಿತು. ನಾಳೆ ಹೋಗುತ್ತೇನೆ. ವೇಯ್ನ್ ಬೇಕಾದರೆ ಇರಲಿ."

ಮಾವನ ಎದುರು ನಾನೇ ಬಾಯಿ ತೆಗೆದವಳಲ್ಲ. ಪಕ್ಕದಲ್ಲಿ ಕುಳಿತೆ, ಅಷ್ಟೆ.

ಅಷ್ಟರಲ್ಲಿ ದುರ್ಗಿ ಬಂದಳು. ಕಾಸರಕೋಡಿನಿಂದ ನಿತ್ಯ ಮೀನು ಹೊತ್ತು ತರುವವಳು. ಬುಟ್ಟಿ ಇಳಿಸಿ, ಇವಳ ಗಲ್ಲ ಹಿಡಿದು ಎತ್ತಿ ನೋಡಿದಳು.

"ಎಂತಕೆ ಅಳೂದು ಮಂಜಿ? ಗಂಡ ಹೊಡ್ದನ?"

ಮಾರ್ಜಿಗೆ ತಿಳಿಯಲಿಲ್ಲ. ದುರ್ಗಿ ಅಭಿನಯಿಸಿ ತೋರಿಸಿದಳು. ಮಾರ್ಜಿ ಅಲ್ಲ ಅಲ್ಲ ಎಂದು ಕೈಯಾಡಿಸಿದಳು.

"ಮಾಸ್ತರು ಬೈದ್ರನ?"

'ಮಾಸ್ತರು' ತಿಳಿಯಿತು. ಮಾರ್ಜಿ ಹೌದೆಂದು ತಲೆಯಾಡಿಸಿದಳು.

"ಅವ್ರು ನಂಗೂ ಹೇಳ್ತ್ರು, ಬಂಗಡೆಗೆ ಇಂಗ್ಲಿಷಲ್ಲಿ ಬೇರೆ ಹೆಸ್ರು ಅದೆ ಅಂದಿ. ನಾ ಬಂಗಡೆ ಅಂತಲೇ ಮಾರ್ತೆ. ತಿನ್ನೂಕೆ ಆತದಲ? ಹೇಳು ನೋಡ್ವ, ಬಂಗಡೆ."

"ಬಂಗ್ಡೇ," ಎಂದಳು ಮಾರ್ಜಿ, ಮೂಗೊರೆಸಿಕೊಂಡು.

ದುರ್ಗಿ ಬಿದ್ದು ಬಿದ್ದು ನಕ್ಕಳು. ಆದರೆ ತಿದ್ದಲಿಲ್ಲ. ಅದೇ ಇರಬೇಕು ಮಾರ್ಜಿಗೆ ಹಿಡಿಸಿದ್ದು. ಟ್ರಂಕು ಮತ್ತೆ ಮಂಚದಡಿ ಹೋಯಿತು. ಆವತ್ತಿನಿಂದ ದಿನಾ ಹಿತ್ತಲ ಮೆಟ್ಟಿಲ ಮೇಲೆ ಕನ್ನಡದ ಕ್ಲಾಸು ನಡೆಯಿತು. ಮೀನೇ ಪಠ್ಯಪುಸ್ತಕ. ದುರ್ಗಿ ಹೋದ ಮೇಲೆ ನಾನು ಬಾಲಬೋಧೆ ಹಿಡಿದು ಅಕ್ಷರ ಹೇಳಿಕೊಡುತ್ತಿದ್ದೆ.

ಮಾರ್ಜಿ ಹುಷಾರಿ. ಕೆಲವೇ ತಿಂಗಳಲ್ಲಿ ಗಡಗಡ ಮಾತಾಡಿದಳು. ತೊಡಕು ಒಂದೇ. ಅದು ಪೇಟೆಯ ಮೀನು ಕಟ್ಟೆಯ ಕನ್ನಡ. ಅದರಲ್ಲಿ ಎದುರಿಗಿದ್ದವರಿಗೆ ಬಹುವಚನ ಇರಲಿಲ್ಲ. ಒಂದು ದಿನ ನಾಲ್ಕು ಗಂಟೆಗೆ ಕರಿಕೋಟಿನಲ್ಲಿ ಕುಳಿತ ಮಾವನ ಎದುರು ನಿಂತು ಪ್ರೀತಿಯಿಂದ ಕೇಳಿಯೇಬಿಟ್ಟಳು:

"ಏ ಮಾಸ್ತರಾ, ಚಾ ಕುಡದ್ಯಾ?"

ಮಾವನನ್ನು ಏಕವಚನದಲ್ಲಿ ಮಾತಾಡಿಸಿದ ಕೊನೆಯ ವ್ಯಕ್ತಿ ಅವರ ತಾಯಿ. ಅವರು ತೀರಿಕೊಂಡು ಬಹಳ ಕಾಲವಾಗಿತ್ತು. ಮಾವ ಕಪ್ಪು-ಬಸಿ ಕೆಳಗಿಟ್ಟರು. ಅತ್ತೆ ಒಳಗೆ ಓಡಿ, ಸೆರಗು ಬಾಯಿಗೆ ತುರುಕಿಕೊಂಡು ನಕ್ಕರು. ಅವರು ಹಾಗೆ ನಕ್ಕದ್ದನ್ನು ನಾನು ಈ ಮನೆಗೆ ಬಂದ ಮೇಲೆ ನೋಡಿರಲಿಲ್ಲ. ಆಮೇಲೆ ನಾನು ಕುಳ್ಳಿರಿಸಿಕೊಂಡು ಬಹುವಚನ ಹೇಳಿಕೊಟ್ಟೆ.

ಈಗ ಗ್ಯಾದರಿಂಗಿಗೆ ಬರುತ್ತೇನೆ.

ಒಳಜ್ವರದ ಮರುದಿನ ಮಾವ ವೇಣುವಿನ ಹತ್ತಿರ, ಭಾಷಣ ಬರೆದುಕೊಡಬೇಕು ಎಂದು ಕೇಳಿದರು. ಬರೆದದ್ದಾದರೆ ಯಾವ ಇಂಗ್ಲಿಷಾದರೂ ಮಾವನಿಗೆ ನೀರು ಕುಡಿದಷ್ಟು ಸಲೀಸು. ವೇಣು ನಗುತ್ತ ಏನೋ ಅಂದು ಸೈಕಲ್ ಹತ್ತಿದ. ಬರೆಯುವುದೆಲ್ಲ ಇಲ್ಲ, ಸುಮ್ಮನೆ ಮಾತಾಡುತ್ತೇನೆ ಎಂದನಂತೆ. ಮಾರ್ಜಿ ಹೇಳಿದಳು.

ಮಾವ ನನ್ನನ್ನು ಕರೆದರು. ನನ್ನ ಮುಖ ನೋಡದೆ, ತೆಂಗಿನ ಮರ ನೋಡುತ್ತ ಕೇಳಿದರು. "ಯಾವ ವಿಷಯ ಮಾತಾಡ್ತಾನೆ ಅಂತ ಅವಳತ್ರ ಕೇಳಿಬಾ. ನಾನು ಕೇಳಿದೆ ಅಂತ ಹೇಳೂದು ಬೇಡ."

ಕೇಳಿಬಂದೆ. "ಕೋಳಿ ವಿಷಯವಂತೆ ಮಾವ."

"ಗ್ಯಾದರಿಂಗಿನಲ್ಲಿ ಕೋಳಿಯಾ?" ಮಾವ ನನ್ನನ್ನು ನೋಡಿದ ರೀತಿಯಲ್ಲಿ ಕರುಣೆ ಇತ್ತು. "ನೀನು ತಪ್ಪು ಕೇಳಿದ್ದೀಯ. ಮುಖ್ಯ ಅತಿಥಿ ಅಂದ್ರೆ ಶಿಸ್ತು, ಸಮಯಪಾಲನೆ, ಗುರುಹಿರಿಯರಲ್ಲಿ ಗೌರವ. ನಾನು ಎಷ್ಟು ಗ್ಯಾದರಿಂಗು ನೋಡಿದವನು!"

ನಾನು ತಪ್ಪು ಕೇಳಿರಲಿಲ್ಲ. ಕುಮಟಾ ರಸ್ತೆಯ ಹಳ್ಳಿಗಳಲ್ಲಿ ಕೋಳಿಗಳು ತೂಕಡಿಸಿ ತೂಕಡಿಸಿ ಸಾಯುತ್ತಿದ್ದವು. ರೋಗ ಹಳದೀಪುರಕ್ಕೆ ಬಂದಿತ್ತು, ನಾಳೆ ನಮ್ಮ ಪೇಟೆಗೆ ಬರುವುದೇ. ವೇಣು ಓಡಾಡಿ, ಬೇಡಿಕೊಂಡು, ಕಾರವಾರದಿಂದ ಔಷಧ ತರಿಸುತ್ತಿದ್ದ. ಐಸಿನಲ್ಲಿಟ್ಟು ಶನಿವಾರ ಮೊದಲ ಬಸ್ಸಿಗೆ ಬರುತ್ತದೆ. ಅಂದೇ ಚುಚ್ಚಬೇಕು, ಮರುದಿನಕ್ಕೆ ಕೆಡುತ್ತದೆ. ನಾಲ್ಕು ಕೋಳಿಯ ಮೊಟ್ಟೆ ಮಾರಿ ಮಕ್ಕಳ ಅಂಗಿ ಹೊಲಿಸುವ ಹೆಂಗಸರು ಕಾಸರಕೋಡಿನಲ್ಲಿ ಮನೆಗೊಬ್ಬರು. ಅವರಿಗೆಲ್ಲ ಸುದ್ದಿ ಮುಟ್ಟಿಸುವುದು ಹೇಗೆ? ಗ್ಯಾದರಿಂಗಿಗೆ ಎಲ್ಲ ಕೇರಿಯವರೂ ಬರುತ್ತಾರೆ. ಅಲ್ಲೇ ಹೇಳೋಣ ಎಂದು ವೇಣುವಿನ ಎಣಿಕೆ. ಮುಖ್ಯ ಅತಿಥಿಯಾಗಲು ಅವನು ಒಪ್ಪಿದ್ದೇ ಅದಕ್ಕೆ.

ಗುರುವಾರ ಸಂಜೆ ಶಾಲೆಯ ಅಂಗಳ ತುಂಬಿತ್ತು. ಗ್ಯಾಸ್‌ಲೈಟು, ಬ್ಯಾಟರಿ ಮೈಕು, ತೋರಣ, ಪಾಲಕರಿಗೆ ಬೆಂಚು, ಹಿಂದೆ ನಿಂತ ಹೆಂಗಸರ ಗುಂಪಿನಲ್ಲಿ ದುರ್ಗಿ. ನಾನು, ಮಾರ್ಜಿ ಮುಂದಿನ ಸಾಲಿನಲ್ಲಿ. ವೇದಿಕೆಯ ಮೇಲೆ ವೇಣು, ಪಕ್ಕದಲ್ಲಿ ಮಾವ.

ವೇಣು ಶುರು ಮಾಡಿದ. ಎರಡೂ ತೋಳು ಬಡಿದು ರೆಕ್ಕೆ ಮಾಡಿ ತೋರಿಸಿದ. ಸಭೆ ನಕ್ಕಿತು.

ಮಾವ ಕೆಮ್ಮಿ ಗಂಟಲು ಸರಿಮಾಡಿಕೊಂಡರು. "ವಿದ್ಯಾರ್ಥಿಗಳು ಪಕ್ಷಿಗಳಂತೆ ಎತ್ತರಕ್ಕೆ ಹಾರಬೇಕು ಎಂದು ಅತಿಥಿಗಳು ಅಪ್ಪಣೆ ಕೊಡಿಸಿದ್ದಾರೆ."

ಚಪ್ಪಾಳೆ.

ವೇಣು ಕುತ್ತಿಗೆ ಓರೆ ಮಾಡಿ, ಕಣ್ಣು ಮೇಲೆ ಮಾಡಿ, ಸಾಯುವ ಕೋಳಿಯಂತೆ ವಾಲಿದ.

"ಸೋಮಾರಿತನವು ಮನುಷ್ಯನನ್ನು ಹೀಗೆ ಕೆಡವಿಹಾಕುತ್ತದೆ."

ವೇಣು ಸೂಜಿ ಹಿಡಿದಂತೆ ಮಾಡಿ ತನ್ನ ತೋಳಿಗೇ ಚುಚ್ಚಿಕೊಂಡ.

"ಗುರುಗಳ ಮಾತು ಮೊದಲು ಚುಚ್ಚಿದರೂ ಮುಂದೆ ಹಿತವನ್ನೇ ಮಾಡುತ್ತದೆ."

ಹೆಡ್‌ಮಾಸ್ತರರು ಕರವಸ್ತ್ರ ತೆಗೆದು ಕಣ್ಣೊರೆಸಿಕೊಂಡರು!

ವೇಣು ಗಡಿಯಾರ ತೋರಿಸಿ ಎಂಟು ಗಂಟೆ, ಎಂಟು ಗಂಟೆ ಎಂದ. ಅದೊಂದು ಮಾವನಿಗೆ ತಿಳಿಯಿತು. "ಬೆಳಿಗ್ಗೆ ಎಂಟರ ತನಕ ಮಲಗುವವನಿಗೆ ವಿದ್ಯೆ ಇಲ್ಲ!" ಎಂದು ಗುಡುಗಿದರು. ಹಿಂದಿನ ಬೆಂಚಿನವರೂ ಚಪ್ಪಾಳೆ ತಟ್ಟಿದರು.

ಮಾರ್ಜಿ ನನ್ನ ಕೈ ಹಿಡಿದಳು. ಮೆಲ್ಲಗೆ, ಕನ್ನಡದಲ್ಲಿ ಕೇಳಿದಳು. "ಅಕ್ಕಾ, ಕೋಳಿ ಎಲ್ಲಿ?"

ನಾನು ಇಲ್ಲವೆಂದು ತಲೆಯಾಡಿಸಿದೆ.

"ಶನಿವಾರ ಎಲ್ಲಿ? ಸೂಜಿ ಎಲ್ಲಿ? ಎಂತದೂ ಹೇಳ್ಲಿಲ್ಲ ಅವ್ರು."

ವೇದಿಕೆಯ ಮೇಲೆ ವೇಣು ಗಲಿಬಿಲಿಗೊಂಡಿದ್ದ. ಕೋಳಿ ಸಾಯುತ್ತದೆ ಎಂದರೆ ಈ ಜನ ಯಾಕೆ ಚಪ್ಪಾಳೆ ತಟ್ಟುತ್ತಾರೆ? ಹೆಂಡತಿಯ ಕಡೆ ನೋಡಿದ. ಮಾವನೂ ಇತ್ತ ನೋಡಿದರು. ಜನವರಿಯ ಚಳಿಯಲ್ಲಿ ಅವರ ಕುತ್ತಿಗೆಯಿಂದ ಬೆವರು ಇಳಿಯುತ್ತಿತ್ತು. ಆಗ ಮಾತ್ರ ನನಗೆ ನಗು ನಿಂತಿತು. ಅದುವರೆಗೆ ನಾನು ಒಳಗೊಳಗೇ ನಗುತ್ತಿದ್ದೆ, ಸುಳ್ಳೇಕೆ ಹೇಳಲಿ. ಆದರೆ ಅಲ್ಲಿ ಕುಳಿತವರಲ್ಲಿ ಅರ್ಧ ಜನ ಅವರ ವಿದ್ಯಾರ್ಥಿಗಳು. ಈ ಒಂದು ಸಂಜೆ ಕೆಟ್ಟರೆ ಅವರ ಇಡೀ ಆಯುಷ್ಯ ಕೆಟ್ಟಂತೆ. ನಾಳೆ ಬಸ್‌ಸ್ಟ್ಯಾಂಡಿನಲ್ಲಿ ಅದೇ ಮಾತು, ಅದೇ ನಗು.

ಮಾರ್ಜಿ ಎದ್ದಳು.

ಟೊಮೆಟೊದಿಂದ ಹಿಡಿದು ಎಲ್ಲದರ ಸೇಡು ತೀರಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಹೊತ್ತು ಸಿಗಲಾರದು. ನಾನಾಗಿದ್ದರೆ ಬಿಡುತ್ತಿದ್ದೆನೇ? ಗೊತ್ತಿಲ್ಲ. ಅವಳು ಮೆಟ್ಟಿಲು ಹತ್ತುವುದನ್ನು ಮಾವ ನೋಡಿದರು. ಎರಡು ಹೆಜ್ಜೆ ಹಿಂದೆ ಸರಿದು, ಕೈ ಕಟ್ಟಿ, ನೆಲ ನೋಡುತ್ತ ನಿಂತರು. ಶಿಕ್ಷೆ ಕಾಯುವ ಹುಡುಗರನ್ನು ಅವರೇ ಹಾಗೆ ನಿಲ್ಲಿಸುತ್ತಿದ್ದರಂತೆ.

ಮಾರ್ಜಿ ಮೈಕಿನ ಎದುರು ನಿಂತು, ಬಿಳಿ ಕೈ ಮುಗಿದು, ಕನ್ನಡದಲ್ಲಿ ಮಾತಾಡಿದಳು.

"ಎಲ್ರಿಗೂ ನಮಸ್ಕಾರ. ಮಾಸ್ತರು ಮಕ್ಕಳ ಮಾತು ಹೇಳಿದ್ರು. ಕೋಳಿ ಮಾತು ಹೇಳೂಕೆ ನಂಗೆ ಬಿಟ್ಟಿದ್ರು. ಕೇಳಿ. ಹಳದೀಪುರದಲ್ಲಿ ಕೋಳಿಗೆ ರೋಗ ಬಂತು. ಇಲ್ಲಿಗೂ ಬತ್ತದೆ. ಶನಿವಾರ ಎಂಟು ಗಂಟಿಗೆ ನಿಮ್ಮ ಕೋಳಿ ಎಲ್ಲಾ ತಕಂಡು ಕೋಳಿ ಮನೆಗೆ ಬನ್ನಿ. ವೇಣು ಸೂಜಿ ಚುಚ್ತ್ರು. ಚುಚ್ಚಿದ್ರೆ ಬದ್ಕತದೆ. ಇಲ್ದಿದ್ರೆ ಸಾಯ್ತದೆ. ಆತಾ?"

ಬೆಳ್ಳನೆಯ ಮೇಡಮ್ಮನ ಬಾಯಲ್ಲಿ ಕಾಸರಕೋಡಿನ ಕೇರಿಯ ಮಾತು! ಮರುಗಳಿಗೆ ಹಿಂದಿನಿಂದ ದುರ್ಗಿಯ ಗಂಟಲು ಕೇಳಿಸಿತು.

"ಮಂಜೀ, ನನ್ನ ಹುಂಜಕ್ಕೂ ಚುಚ್ತ್ರನೆ?"

"ಹುಂಜಕ್ಕೂ ಚುಚ್ತ್ರು. ತಕಂಡು ಬಾ."

ಆಮೇಲೆ ಆದ ಗದ್ದಲ ಏನು ಹೇಳಲಿ! ನಗು, ಸಿಳ್ಳೆ, ಪ್ರಶ್ನೆಗಳು. ಮೊಟ್ಟೆಗೆ ಕೂತ ಹೇಂಟೆ ತರಬೇಕೋ, ಮರಿಗಳಿಗೆ ಏನು, ಬಾತುಕೋಳಿಗೂ ಉಂಟೋ. ಗದ್ದಲ ಇಳಿದಾಗ ಮಾವ ಮೈಕಿನ ಹತ್ತಿರ ಬಂದರು. ಸ್ವರ ಸಣ್ಣದಾಗಿತ್ತು.

"ಶನಿವಾರ. ಎಂಟು ಗಂಟೆ. ತಡ ಮಾಡಬೇಡಿ."

ಇಷ್ಟು ಸರಿಯಾದ ಭಾಷಾಂತರವನ್ನು ಅವರು ಆ ಸಂಜೆ ಬೇರೆ ಮಾಡಿರಲಿಲ್ಲ.

ಮನೆಗೆ ನಡೆದು ಬಂದೆವು. ಮಾವ ಮುಂದೆ, ಕೊಡೆ ಊರುತ್ತ. ಅಂಗಳದ ಬೇಲಿಯ ದಣಪೆ ದಾಟಿದವರು ನಿಂತು ಹಿಂದೆ ತಿರುಗಿದರು. ಮಾರ್ಜಿಯ ಹತ್ತಿರ ಮೊಟ್ಟಮೊದಲ ಬಾರಿಗೆ ಕನ್ನಡದಲ್ಲಿ ಮಾತಾಡಿದರು. ಒಂದು ಥ್ಯಾಂಕ್ಸ್? ಒಂದು ಕ್ಷಮೆ?

"ಅದು 'ಚುಚ್ತ್ರು' ಅಲ್ಲ. 'ಚುಚ್ಚುತ್ತಾರೆ'," ಎಂದರು ಮಾವ. "ನಾಳೆಯಿಂದ ನಾಲ್ಕು ಗಂಟೆಗೆ ಬಾ. ನಾನು ಹೇಳಿಕೊಡ್ತೇನೆ. ನೀನು... ನೀನು ಮಾತಾಡ್ತಾ ಇರು. ನಿಮ್ಮ ಇಂಗ್ಲಿಷು. ನಾನು ಕೇಳ್ತೇನೆ."

ಹೇಳಿದವರು ಸರಸರ ಒಳಗೆ ಹೋದರು. ಮಾರ್ಜಿ ಕತ್ತಲಲ್ಲಿ ನಿಂತು ನಕ್ಕಳೋ ಅತ್ತಳೋ, ನನಗೆ ಕಾಣಲಿಲ್ಲ.

ಶನಿವಾರ ಔಷಧ ಬಂತು. ಜನವೂ ಬಂದರು. ಬುಟ್ಟಿಯಲ್ಲಿ, ಕೊಡದಲ್ಲಿ, ಕಂಕುಳಲ್ಲಿ, ಸೈಕಲ್ ಹ್ಯಾಂಡಲ್ಲಿಗೆ ಕಾಲು ಕಟ್ಟಿ ತಲೆಕೆಳಗಾಗಿ. ಕಾಸರಕೋಡಿನ ಲಾಂಚಿನಲ್ಲಿ ಮನುಷ್ಯರಿಗಿಂತ ಕೋಳಿಗಳೇ ಹೆಚ್ಚಿದ್ದವಂತೆ. ಮಾವ ಕರಿಕೋಟಿನಲ್ಲಿ ಬಂದು ಎಲ್ಲರನ್ನೂ ಕ್ಯೂ ನಿಲ್ಲಿಸಿದರು. ಕ್ಯೂ ಎಂಬುದು ಇಂಗ್ಲೆಂಡಿನ ದೊಡ್ಡ ಸಂಸ್ಕೃತಿಯಂತೆ. ನಮ್ಮವರು ಎಂದಾದರೂ ಕ್ಯೂ ನಿಂತಿದ್ದಾರೆಯೇ? ಅಂದು ನಿಂತರು. (ಹುಂಜಗಳು ಮಾತ್ರ ನಿಲ್ಲಲಿಲ್ಲ.) ಮಧ್ಯಾಹ್ನದೊಳಗೆ ಔಷಧ ಮುಗಿಯಿತು. ರೋಗ ಪೇಟೆಗೆ ಬಂತು. ಅಲ್ಲೊಂದು ಇಲ್ಲೊಂದು ಸತ್ತವು. ಸೂಜಿ ಚುಚ್ಚಿದ್ದರಿಂದಲೇ ಸತ್ತಿತು ಎಂದು ಒಬ್ಬ ಜಗಳಕ್ಕೂ ಬಂದ. ಆದರೆ ಉಳಿದವೇ ಬಹಳ. ದುರ್ಗಿಯ ಹುಂಜ ಉಳಿದಿದೆ. ಅದು ಕೂಗುವುದು ನದಿಯ ಈಚೆ ದಡಕ್ಕೂ ಕೇಳಿಸುತ್ತದೆ ಎಂದು ಅವಳ ವಾದ.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ನಮ್ಮ ಕಡೆಯ ವಾರಪತ್ರಿಕೆಯೊಂದರಲ್ಲಿ ಗ್ಯಾದರಿಂಗಿನ ವರದಿ ಬಂತು. ಅಮೆರಿ‌ಕದ ಅತಿಥಿಗಳು ಶಿಸ್ತು, ಸಮಯಪಾಲನೆ ಹಾಗೂ ಗುರುಭಕ್ತಿಯ ಕುರಿತು ಮನಮುಟ್ಟುವಂತೆ ಮಾತಾಡಿದರು ಎಂದು. ಮಾತು ಮಾತೂ ಅಚ್ಚಾಗಿದೆ. ಹಕ್ಕಿಯಂತೆ ಹಾರುವುದು, ಎಂಟು ಗಂಟೆ, ಎಲ್ಲವೂ. ಕೋಳಿ ಎಂಬ ಶಬ್ದ ಒಂದು ಕಡೆಯೂ ಇಲ್ಲ. ಮಾರ್ಜಿ ಅದನ್ನು ಓದಿ ಗಂಡನಿಗೆ ಇಂಗ್ಲಿಷಿನಲ್ಲಿ ಹೇಳಿದಳು. ವೇಣು ಪೂರ್ತಿ ಕೇಳಿಸಿಕೊಂಡ.

"ಒಳ್ಳೆಯ ಭಾಷಣ," ಎಂದನಂತೆ. "ನಾನು ಇಷ್ಟು ಚೆನ್ನಾಗಿ ಮಾತಾಡಿದೆನೇ?"

ಮೊನ್ನೆ ಕುಮಟೆಯಿಂದ ಇನ್ನೊಬ್ಬ ಹೆಡ್‌ಮಾಸ್ತರರು ಬಂದಿದ್ದರು. ಪತ್ರಿಕೆ ಕೈಯಲ್ಲಿತ್ತು. ಅವರ ಶಾಲೆಯಲ್ಲೂ ಗ್ಯಾದರಿಂಗು. ಅಮೆರಿಕದ ಸಾಹೇಬರು ಬಂದು ಇದೇ ಭಾಷಣ ಮಾಡಬೇಕು, ಒಂದಕ್ಷರ ಬದಲಾಗದಂತೆ ಎಂದರು. ಮಾವ ಮಾಡಿನ ಹೆಂಚು ನೋಡಿದರು. ವೇಣು ಆತು ಎಂದ. ಮಾರ್ಜಿ ನನ್ನ ಮುಖ ನೋಡಿದಳು.

ಭಾಷಣ ಮಾವನದು, ಹೆಸರು ವೇಣುವಿನದು, ಜನಕ್ಕೆ ತಿಳಿದ ಮಾತು ಮಾರ್ಜಿಯದು. ಈಗ ನೀವೇ ಹೇಳಿ, ಕುಮಟೆಯ ಬಸ್ಸಿಗೆ ನಾನು ಯಾರನ್ನು ಹತ್ತಿಸಲಿ?